ರಾಜಾಜಿನಗರದ ಬ್ರೆಡ್ಡಿನ ಹೆಪ್ಪು

ರಾಜಾಜಿನಗರ ಮೂರನೇ ಬ್ಲಾಕಿನ ಆ ಅಡ್ಡರಸ್ತೆಯಲ್ಲಿ ಹಾಲಿನ ಬೂತು ಬಾಗಿಲು ತೆರೆಯುವ ಮೊದಲೇ ಒಂದು ಮನೆಯ ಹಿತ್ತಲಲ್ಲಿ ಹೊಗೆ ಏಳುತ್ತದೆ. ಹೊಸಬರು ನೀರೊಲೆ ಎಂದುಕೊಳ್ಳುತ್ತಾರೆ. ಹಿಂದೆಯೇ ಬರುವ ಘಮ ಮಾತ್ರ ನೀರೊಲೆಯದಲ್ಲ. ಅನಂತಲಕ್ಷ್ಮಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಳೆಯ ಎಣ್ಣೆ ಡಬ್ಬಗಳನ್ನು ಬಿಚ್ಚಿ ಮಾಡಿಸಿದ ತಗಡಿನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಪೆಟ್ಟಿಗೆಯ ಕೆಳಗೆ ಇದ್ದಿಲ ಕೆಂಡ, ಮುಚ್ಚಳದ ಮೇಲೂ ಕೆಂಡ. ಇಕ್ಕಳದಿಂದ ಮುಚ್ಚಳ ಸರಿಸಿ ಬ್ರೆಡ್ಡನ್ನು ಹೊರತೆಗೆದು, ಅದರ ತಳವನ್ನು ಬೆರಳಲ್ಲಿ ತಟ್ಟುತ್ತಾರೆ. ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದರ್ಥ.

ಮೊದಲ ಬ್ರೆಡ್ಡಿನ ಮೊದಲ ಹೋಳು ಗಿರಾಕಿಗಳಿಗಲ್ಲ. ತುಪ್ಪ ಸವರಿ, ಬಾಳೆಲೆಯ ಚೂರಿನ ಮೇಲಿಟ್ಟು, ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತಿರುವ ಅತ್ತೆ ತಿರುಮಲಮ್ಮನವರ ಮುಂದೆ ಹಿಡಿಯುತ್ತಾರೆ. ಅತ್ತೆ ತಲೆಯೆತ್ತದೆ ಬೇಡವೆಂದು ಕೈಯಾಡಿಸುತ್ತಾರೆ. ಹೋಳು ಒಳಗೆ ಹೋಗಿ ಗಂಡ ಸೇತುರಾಮರ ಕಾಫಿಗೆ ಜೊತೆಯಾಗುತ್ತದೆ. ದಿನವೂ ಹೀಗೆಯೇ. ಸೊಸೆ ಕೊಡುವುದನ್ನು ಬಿಟ್ಟಿಲ್ಲ, ಅತ್ತೆ ಬೇಡವೆನ್ನುವುದನ್ನೂ ಬಿಟ್ಟಿಲ್ಲ.

ಈ ಬ್ರೆಡ್ಡಿನ ವ್ಯವಹಾರ ಶುರುವಾದದ್ದೇ ಒಂದು ಜ್ವರದಿಂದ. ಮದುವೆಯಾದ ಹೊಸದರಲ್ಲಿ ಸೇತುರಾಮರಿಗೆ ಟೈಫಾಯ್ಡ್ ಹಿಡಿದು ಡಾಕ್ಟರು ಹಾಲು-ಬ್ರೆಡ್ ಬಿಟ್ಟರೆ ಬೇರೇನೂ ಕೂಡದು ಎಂದುಬಿಟ್ಟರು. ಬೇಕರಿಯದು ಹೊಸಿಲು ದಾಟಕೂಡದು ಎಂದು ತಿರುಮಲಮ್ಮ ಪಟ್ಟು ಹಿಡಿದರು. "ಮೊಟ್ಟೆ ಹಾಕಿರ್ತಾರೋ, ಹೆಂಡ ಹಾಕಿರ್ತಾರೋ, ಕಂಡೋರ್ಯಾರು?" ಇಬ್ಬರ ನಡುವೆ ಸಿಕ್ಕಿಕೊಂಡ ಸೊಸೆ ಮೂಲೆಯ ಬೇಕರಿಯ ನಾರಾಯಣಪ್ಪನವರನ್ನೇ ಹೋಗಿ ಕೇಳಿದರು. ಆ ಪುಣ್ಯಾತ್ಮ ಗುಟ್ಟು ಮಾಡದೆ ಹೇಳಿಕೊಟ್ಟರು. ಗೋಧಿ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಹುಳಿ ಬರಿಸುವುದು, ಪ್ರತಿ ಸಲ ಒಂದು ಮುಷ್ಟಿ ತೆಗೆದಿಟ್ಟು ಮರುದಿನದ ಹಿಟ್ಟಿಗೆ ಸೇರಿಸುವುದು. ಮೊಸರಿಗೆ ಇದ್ದ ಹಾಗೆ ಬ್ರೆಡ್ಡಿಗೂ ಹೆಪ್ಪು.

"ಮೊದಲನೇದನ್ನ ಬಾಗಿಲಿಗೆ ಒತ್ತು ಕೊಡಬಹುದಿತ್ತು, ಅಷ್ಟು ಗಟ್ಟಿಯಿತ್ತು," ಎಂದು ನಗುತ್ತಾರೆ ಅನಂತಲಕ್ಷ್ಮಿ. "ಚೆನ್ನಾಗಿ ಬರೋ ಹೊತ್ತಿಗೆ ಇವರು ಸಾರು-ಅನ್ನ ತಿನ್ನೋ ಹಾಗಾಗಿದ್ರು."

ಆದರೆ ಬೀದಿಯಲ್ಲಿ ಜ್ವರಕ್ಕೇನು ಬರವೇ? ಯಾರ ಮನೆಯಲ್ಲಿ ಮಗು ಮಲಗಿದರೂ ತಟ್ಟೆ ಹಿಡಿದು ಇಲ್ಲಿಗೇ ಬರತೊಡಗಿದರು. ಅಷ್ಟರಲ್ಲಿ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸೇತುರಾಮರಿದ್ದ ಸಣ್ಣ ಕಾರ್ಖಾನೆಗೆ ಬೀಗ ಬಿತ್ತು. ತಿಂಗಳುಗಟ್ಟಲೆ ಸಂಬಳವಿಲ್ಲ. ಹತ್ತಿರದ ನರ್ಸಿಂಗ್ ಹೋಮಿನವರು ರೋಗಿಗಳಿಗೆ ನಿಮ್ಮಲ್ಲೇ ಬ್ರೆಡ್ ತೆಗೆದುಕೊಳ್ಳುತ್ತೇವೆ, ಮೊದಲು ಒಂದು ದಿನ ನೋಡೋಣ ಎಂದಾಗ ಮುಳುಗುವವರಿಗೆ ಹಗ್ಗ ಸಿಕ್ಕಂತಾಯಿತು. ಅವರು ಹೇಳಿದ ದಿನ, ಎಂಬತ್ತನೇ ಇಸವಿಯ ಸೂರ್ಯಗ್ರಹಣದ ಮಾರನೆಯ ಬೆಳಿಗ್ಗೆ.

ಆ ಗ್ರಹಣ ನೆನಪಿಲ್ಲದವರು ಯಾರು? ನಡುಹಗಲಲ್ಲೇ ಬೀದಿ ಬಿಕೋ ಎನ್ನುತ್ತಿತ್ತು, ಅಂಗಡಿ ಬೇಕರಿಗಳೆಲ್ಲ ಬಾಗಿಲು ಹಾಕಿದ್ದವು. ತಿರುಮಲಮ್ಮ ಮೊಸರು, ಉಪ್ಪಿನಕಾಯಿ, ಹಪ್ಪಳದ ಡಬ್ಬಕ್ಕೆಲ್ಲ ದರ್ಭೆ ಹಾಕಿದರು. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿ, ದರ್ಭೆಯಿಲ್ಲದ್ದನ್ನೆಲ್ಲ ಹಿತ್ತಲ ತೆಂಗಿನ ಬುಡಕ್ಕೆ ಸುರಿದರು. ಅದರಲ್ಲಿ ಹುಳಿ ವಾಸನೆಯ ಒಂದು ಬಟ್ಟಲು ಹಿಟ್ಟೂ ಇತ್ತು.

ದೀಪ ಹಚ್ಚಿ, ಹಿಟ್ಟು ಕಲಸಲು ಕೂತಾಗಲೇ ಅನಂತಲಕ್ಷ್ಮಿಗೆ ಗೊತ್ತಾದದ್ದು. "ಅಳು ಬಂತು. ಅತ್ತೇನ ಏನಂತ ಅನ್ನಲಿ? ಹಳಸಿದ್ದು ಅಂದ್ಕೊಂಡಿದ್ರು ಪಾಪ," ಎನ್ನುತ್ತಾರೆ. ಆಗ ನೆನಪಾದದ್ದು ಎದುರು ಸಾಲಿನ ಮುನಿತಾಯಮ್ಮ. ಆಕೆಯ ಗಂಡ ಬಿನ್ನಿಪೇಟೆ ಮಿಲ್ಲಿನ ಕೆಲಸಗಾರ. ವಾರದ ಹಿಂದೆ ಆಕೆ ಒಂದು ಮುಷ್ಟಿ ಹೆಪ್ಪು ಒಯ್ದಿದ್ದಳು. ಅದನ್ನು ಬಾಯಿಬಿಟ್ಟು ಹೇಳಿ ಸೊಸೆ ಏಳುವುದರೊಳಗೆ ತಿರುಮಲಮ್ಮನೇ ಬಟ್ಟಲು ಹಿಡಿದು ಹೊರಟರು. ಅವರು ಆವರೆಗೆ ಆ ಮನೆಯ ಅಂಗಳವನ್ನೂ ತುಳಿದವರಲ್ಲ.

ಮುಂದಿನದನ್ನು ಮುನಿತಾಯಮ್ಮನ ಬಾಯಲ್ಲೇ ಕೇಳಬೇಕು. "ಹೆಪ್ಪು ಅಂತ ಇವ್ರೇ ಯೋಳಿದ್ರಲ್ಲ, ಮೊಸರಿಗೆ ಇಕ್ಕಿದಂಗೆ ಅದಕ್ಕೂ ಗರಿಕೆ ಇಕ್ಕಿದ್ದೆ. ಆದ್ರೆ ಅಮ್ನೋರು ಬಂದಾಗ ದೀಪ ಹಚ್ಚಾಗಿತ್ತು. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಟ್ರೆ ಲಕ್ಷ್ಮಿ ಹೊಂಟೋಗ್ತಾಳೆ. ಕೊಡಾಕಿಲ್ಲ ಅಮ್ನೋರೆ ಅಂದೆ. ಅವ್ರ ಮುಖ ನೋಡಕ್ಕಾಗ್ಲಿಲ್ಲ. ನೀವೇ ಹಿಟ್ಟು ತಂದು ಇಲ್ಲೇ ಕಲಸ್ಕಳಿ, ಹೊಸ್ಲು ದಾಟೋದು ಹಿಟ್ಟು ತಾನೇ, ಹೆಪ್ಪಲ್ವಲ್ಲ ಅಂದೆ."

ತಿರುಮಲಮ್ಮ ಮನೆಗೆ ಬಂದು ಹಿಟ್ಟಿನ ಡಬ್ಬವನ್ನು ತಾವೇ ಹೊತ್ತುಕೊಂಡು, "ಬಾರೇ" ಎಂದು ಸೊಸೆಯನ್ನು ಕರೆದುಕೊಂಡು, ಮುನಿತಾಯಮ್ಮನ ಅಡುಗೆಮನೆಗೇ ಹೋದರು. ಸೊಸೆ ಮತ್ತು ಮುನಿತಾಯಮ್ಮ ಕಲಸಿದರೆ ಅತ್ತೆ ಪಕ್ಕದಲ್ಲಿ ಕೂತು ನೀರು ಎರೆದರು. ಬೆಳಗಾಗುವ ಹೊತ್ತಿಗೆ ಹಿಟ್ಟು ಉಬ್ಬಿ ಪಾತ್ರೆಗೆ ಮುಚ್ಚಿದ್ದ ತಟ್ಟೆಯನ್ನೇ ಎತ್ತಿತ್ತು. ನರ್ಸಿಂಗ್ ಹೋಮಿನವರು ಮೂಸಿ ನೋಡಿ, ತಿಂದು ನೋಡಿ, ನಾಳೆಯೂ ತನ್ನಿ ಎಂದರು.

ಆ ನಾಳೆ ಏಳು ವರ್ಷ ನಡೆದಿದೆ. ಸೇತುರಾಮರಿಗೆ ಬೇರೆ ಕೆಲಸವೂ ಸಿಕ್ಕಿದೆ. ದಿನಕ್ಕೆ ಇಪ್ಪತ್ತು ಬ್ರೆಡ್ಡು, ಮಳೆಗಾಲದಲ್ಲಿ ಜ್ವರ ಹೆಚ್ಚಿದರೆ ಇನ್ನೂ ಐದಾರು. ಮುನಿತಾಯಮ್ಮ ನಸುಕಿಗೇ ಬಂದು ಕೆಂಡ ನೋಡಿಕೊಳ್ಳುತ್ತಾಳೆ, ಬಂದದ್ದರಲ್ಲಿ ಸಮಪಾಲು. ಅನಂತಲಕ್ಷ್ಮಿಯ ಮುಂಗೈ ತುಂಬ ಸುಟ್ಟ ಗೆರೆಗಳು. "ಬಳೆ ಜೊತೆ ಇವೂ ಇರ್ಲಿ," ಎನ್ನುತ್ತಾರೆ. ಯಾರು ಹೆಪ್ಪು ಕೇಳಿದರೂ ಇಲ್ಲವೆನ್ನುವುದಿಲ್ಲ, ದೀಪ ಹಚ್ಚುವ ಮೊದಲು ಬರಬೇಕು ಅಷ್ಟೆ. ಈಗ ಗ್ರಹಣ ಬಂದರೆ ತಿರುಮಲಮ್ಮನ ಮೊದಲ ದರ್ಭೆ ಆ ಬಟ್ಟಲಿಗೇ.

ಇನ್ನೇನಾಗಬೇಕು ಎಂದು ಕೇಳಿದರೆ ಅನಂತಲಕ್ಷ್ಮಿ ದೊಡ್ಡ ಒಲೆ ಕೇಳುವುದಿಲ್ಲ, ಅಂಗಡಿ ಬೋರ್ಡು ಕೇಳುವುದಿಲ್ಲ. "ಊರೆಲ್ಲ ತಿಂದಾಯ್ತು. ನಮ್ಮತ್ತೆ ಒಂದು ಚೂರು ಬಾಯಿಗೆ ಹಾಕ್ಕೊಂಡು ಚೆನ್ನಾಗಿದೆ ಅಂದ್ರೆ ಸಾಕು. ಯಾಕೆ ತಿನ್ನಲ್ಲ ಅಂತ ಇವತ್ತಿಗೂ ಹೇಳಿಲ್ಲ."

ಜಗಲಿಯಿಂದ ದನಿ ಬರುತ್ತದೆ. ಎಪ್ಪತ್ತೆಂಟರ ತಿರುಮಲಮ್ಮನಿಗೆ ಕಿವಿ ಚುರುಕು.

"ತಿನ್ನಲ್ಲ ಅಂದೋರ್ಯಾರು? ಬ್ರೆಡ್ಡು ಅಂದ್ರೆ ಜ್ವರದೋರ ಊಟ ಕಣೇ. ನಂಗೆ ಜ್ವರ ಬರಲಿ, ಹಾಲಲ್ಲಿ ನೆನೆಸ್ಕೊಡು, ಹೊಟ್ಟೆ ತುಂಬ ತಿಂತೀನಿ."

ಅನಂತಲಕ್ಷ್ಮಿ ಇನ್ನೂ ಒಳಗೆ ಒಯ್ಯದೆ ಕೈಯಲ್ಲೇ ಇದ್ದ ಇವತ್ತಿನ ಹೋಳನ್ನೊಮ್ಮೆ ನೋಡುತ್ತಾರೆ, ಅತ್ತೆಯನ್ನೊಮ್ಮೆ ನೋಡುತ್ತಾರೆ. ಆಮೇಲೆ ಆ ಹೋಳನ್ನು ತಾವೇ ಬಾಯಿಗೆ ಹಾಕಿಕೊಳ್ಳುತ್ತಾರೆ.

"ಹಾಗಾದ್ರೆ ನೀವು ನನ್ನ ಬ್ರೆಡ್ ತಿನ್ನೋದೇ ಬೇಡ ಬಿಡಿ, ಅತ್ತೆ."