ಟೈರಿಗೆ ಕೊಬ್ಬರಿ ಎಣ್ಣೆ

ಹೊಸಕೋಟೆಯ ನಮ್ಮ ಎದುರುಮನೆಯ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರನ್ನು ನೆನೆದರೆ ನನಗೆ ಮೊದಲು ನಗುವೇ ಬರುತ್ತದೆ.

ಪಿಲ್ಲಗುಂಪೆಯ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅವರಿಗೆ ಅಂಗೈಯಗಲದ ಮಾದರಿ ಕಾರುಗಳೆಂದರೆ ಪ್ರಾಣ. ಭಾನುವಾರ ಷೋಕೇಸಿನಿಂದ ಒಂದೊಂದನ್ನೇ ಇಳಿಸಿ, ರಬ್ಬರ್ ಟೈರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಉಫ್ ಎಂದು ಊದಿ ಒಣಗಿಸುತ್ತಿದ್ದರು. ಟೈರಿನ ಮೇಲೆ ಭಾರ ಬೀಳದಂತೆ ಕಾರಿನ ಹೊಟ್ಟೆಯಡಿ ಬೆಂಕಿಪೊಟ್ಟಣ ಇಡುತ್ತಿದ್ದರು. "ರಬ್ಬರಿಗೂ ವಯಸ್ಸಾಯ್ತದೆ ಕಣಮ್ಮ" ಎನ್ನುವುದು ಅವರ ಮಾತು.

ಒಮ್ಮೆ ಆಯುಧಪೂಜೆಗೆ ಮುಂಚೆ ಅವರು ಸಮೇತನಹಳ್ಳಿಯ ನೆಂಟರ ಮನೆಯಲ್ಲಿ ಕೆಲವು ದಿನ ಉಳಿದರು. ಅಷ್ಟರಲ್ಲಿ ಅವರ ಹೆಂಡತಿ ಪೂಜೆಗೆಂದು ಕಾರುಗಳನ್ನೆಲ್ಲ ಒರೆಸಿ, ಟೈರುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಬಿಟ್ಟರು. ಎಣ್ಣೆ ರಬ್ಬರಿಗೆ ಆಗದು. ಅವರು ಹಿಂತಿರುಗಿದಾಗ, ಕೆಲಸಕ್ಕೆ ಸೇರಿದ ವರ್ಷ ಕೊಂಡಿದ್ದ ಕೆಂಪು ಕಾರಿನ ಟೈರುಗಳು ಉಬ್ಬಿ ಮೆತ್ತಗಾಗಿದ್ದವು. ಮೊಸರಿಗೆ ಹೆಪ್ಪು ಕೇಳಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತೆ.

"ಏನೇ ಮಾಡ್ದೆ ಇದು?"

"ನನ್ನ ಹಿಮ್ಮಡಿ ಒಡೆದ್ರೆ ಎಣ್ಣೆ ಹಚ್ಚಲ್ವಾ? ಹಂಗೇ ಹಚ್ಚಿದೆ. ಕೆಂಪುದು ನಿಮಗಿಷ್ಟ ಅಂತ ಅದಕ್ಕೆ ಜಾಸ್ತಿನೇ ಹಚ್ಚಿದೆ."

ಅವರು ಕಾರು ನೋಡಿದರು, ಹೆಂಡತಿಯ ಮುಖ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಭ್ಯಂಜನ ಮಾಡ್ಸಿದೀಯಲ್ಲೇ! ಸೀಗೇಪುಡಿ ತಾ, ಸ್ನಾನನೂ ಮಾಡ್ಸೋಣ."

ಉಳಿದ ಕಾರುಗಳ ಟೈರನ್ನು ಸೋಪಿನ ನೀರಿನಲ್ಲಿ ತೊಳೆದು ಉಳಿಸಿಕೊಂಡರು. ಕೆಂಪು ಕಾರಿನದು ಸರಿಹೋಗಲಿಲ್ಲ. ಹೊಸ ಟೈರು ಹಾಕಲು ಅವರು ಒಪ್ಪಲೂ ಇಲ್ಲ. ಮನೆಗೆ ಬಂದವರ ಕೈಗೆ ಅದನ್ನೇ ಮೊದಲು ಕೊಟ್ಟು, "ಇದು ನಮ್ಮನೆಯವಳ ಸರ್ವೀಸು" ಎನ್ನುತ್ತಿದ್ದರು.