ಉಚ್ಚಂಗಿದುರ್ಗದ ಮೆಟ್ಟಿಲ ಮೇಲೆ ಸೆರೊಟೋನಿನ್

ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಫಾರ್ಮಸಿ ಡಿಪ್ಲೊಮಾ ಮಕ್ಕಳಿಗೆ ಸೆರೊಟೋನಿನ್ ಪಾಠ ಮಾಡುತ್ತೇನೆ. ಹರಪನಹಳ್ಳಿಯ ರಸ್ತೆಗಳಲ್ಲಿ ಆಗ ಮೆಕ್ಕೆಜೋಳ ಒಣಹಾಕಿರುತ್ತಾರೆ. ಉದಾಹರಣೆಗೆ ಕಿಟಕಿಯಾಚೆ ಕೈ ತೋರಿಸಿದರೆ ಸಾಕು. ಒಂದು ನರಕೋಶ ಸೆರೊಟೋನಿನ್ ಅನ್ನು ಹೀಗೇ ಹೊರಗೆ ಹರವುತ್ತದೆ, ಪಕ್ಕದ ಕೋಶಕ್ಕೆ ತಾಗುವಷ್ಟು ತಾಗುತ್ತದೆ, ಆಮೇಲೆ ಹರವಿದ ಕೋಶವೇ ಅದನ್ನು ಬಳಿದು ಚೀಲಕ್ಕೆ ತುಂಬಿಕೊಳ್ಳುತ್ತದೆ. ಸರ್ಟ್ರಲೀನ್‌ನಂಥ ಖಿನ್ನತೆಯ ಮಾತ್ರೆ ಆ ಬಳಿಯುವ ಕೈಯನ್ನು ಹಿಡಿದು ನಿಲ್ಲಿಸುತ್ತದೆ, ಕಾಳು ಇನ್ನಷ್ಟು ಹೊತ್ತು ಹೊರಗೇ ಉಳಿಯುತ್ತದೆ. ಮಕ್ಕಳು ಇದನ್ನು ಪರೀಕ್ಷೆಯಲ್ಲಿ ಮೆಕ್ಕೆಜೋಳದ ಸಮೇತ ಬರೆದು ನನಗೇ ವಾಪಸ್ ಕೊಡುತ್ತಾರೆ.

ಇದು ಬರೀ ಮಿದುಳಿನ ಸರಕಲ್ಲ ಎಂದೂ ಹೇಳುತ್ತೇನೆ. ಮೈಯಲ್ಲಿರುವ ಸೆರೊಟೋನಿನ್‌ನ ಬಹುಪಾಲು ಹುಟ್ಟುವುದು ಕರುಳಿನಲ್ಲಿ. ಕರುಳು ಊಟವನ್ನು ಮುಂದಕ್ಕೆ ತಳ್ಳುವುದು, ವಾಂತಿ ಬರುವುದು, ಗಾಯದ ರಕ್ತ ಹೆಪ್ಪುಗಟ್ಟುವುದು, ಎಲ್ಲದರಲ್ಲೂ ಇದರ ಕೈವಾಡವಿದೆ. ಆದರೆ ಹೊಟ್ಟೆಯಲ್ಲಿ ಎಷ್ಟೇ ಇದ್ದರೂ ಅದು ರಕ್ತದ ದಾರಿಯಲ್ಲಿ ಮಿದುಳಿಗೆ ಹೋಗಲಾರದು, ನಡುವೆ ತಡೆಗೋಡೆಯಿದೆ. ಮಿದುಳು ತನ್ನದನ್ನು ತಾನೇ ಮಾಡಿಕೊಳ್ಳಬೇಕು.

ಹೇಳದೆ ಉಳಿದದ್ದು ಒಂದೇ. ಆ ಸರ್ಟ್ರಲೀನ್ ಮಾತ್ರೆಯನ್ನು ನಾಲ್ಕು ವರ್ಷದಿಂದ ನಾನೂ ನುಂಗುತ್ತಿದ್ದೆ.

ನನ್ನ ಊರು ಹಡಗಲಿ, ಕೆಲಸಕ್ಕೆಂದು ಹರಪನಹಳ್ಳಿಗೆ ಬಂದು ಆರು ವರ್ಷವಾಗಿತ್ತು. ಮದುವೆಯಾಗಲಿಲ್ಲ, ಅದರ ಬಗ್ಗೆ ಗೋಳೇನೂ ಇಲ್ಲ. ಅಮ್ಮ ತೀರಿಕೊಂಡ ವರ್ಷ ಮಾತ್ರ ನನಗೆ ಏನೋ ಆಯಿತು. ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗಿ ಕಾಲೇಜಿನ ಹೊತ್ತಿನವರೆಗೂ ಸೂರು ನೋಡುತ್ತ ಮಲಗಿರುತ್ತಿದ್ದೆ. ಅನ್ನದ ರುಚಿ ಹೋಯಿತು. ಹೊಸಪೇಟೆಯ ಡಾಕ್ಟರೊಬ್ಬರು ಮಾತ್ರೆ ಬರೆದರು. ಅಲ್ಲಿಂದಲೇ ಮೂರು ತಿಂಗಳದ್ದು ಒಮ್ಮೆಗೇ ತಂದು, ಮೇಲಿನ ಕಾಗದ ಕಿತ್ತು, ಸಾಸಿವೆ ಡಬ್ಬಿಯ ಹಿಂದೆ ಇಡುತ್ತಿದ್ದೆ. ಒಬ್ಬಳೇ ಇರುವ ಮನೆಯಲ್ಲಿ ಯಾರಿಂದ ಮುಚ್ಚಿಡುತ್ತಿದ್ದೆನೋ! ಮಾತ್ರೆ ಕೆಲಸ ಮಾಡಿತು. ನಿದ್ದೆ ಬಂತು, ಅನ್ನ ಸೇರಿತು. ಆದರೆ ಸಂಜೆ ಕಾಲೇಜಿನಿಂದ ಬಂದು ಬೀಗ ತೆಗೆಯುವಾಗ ಆಗುವ ಒಂಟಿತನ ಹಾಗೇ ಉಳಿಯಿತು. ಯಾವ ಅಂಗಡಿಯಲ್ಲೂ ಅದಕ್ಕೆ ಮದ್ದಿಲ್ಲ ಎಂಬುದು ಫಾರ್ಮಸಿ ಓದಿದ ನನಗೆ ಗೊತ್ತಿತ್ತು.

ಹೋದ ಸಲ ದಸರೆ ರಜೆ ಮುಗಿದ ಮೇಲೆ ನನಗೆ ದವಡೆ ಹಲ್ಲು ನೋವು ಶುರುವಾಯಿತು. ಬಸ್ ನಿಲ್ದಾಣದ ಹತ್ತಿರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳದು ಮೆಡಿಕಲ್ ಶಾಪ್ ಇದೆ. ನಮ್ಮ ಕಡೆ ನೋವಿನ ಮಾತ್ರೆಗೆ ಡಾಕ್ಟರ ಚೀಟಿ ಕೇಳುವವರು ಕಡಿಮೆ. ಎರಡು ದಿನದ್ದು ಕೊಡಿ ಎಂದರೆ ಮಾತ್ರೆಯ ಪಟ್ಟಿಯಿಂದ ಅಷ್ಟೇ ಕತ್ತರಿಸಿ, ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಹೆಸರು ಒಂದು ತುಂಡಿನಲ್ಲಿ ಉಳಿಯುತ್ತದೆ, ಮಾತ್ರೆ ಇನ್ನೊಂದರಲ್ಲಿ ಹೋಗುತ್ತದೆ. ಹಾಗೆ ಕೊಡಬೇಡಿ, ತೆಗೆದುಕೊಳ್ಳಲೂ ಬೇಡಿ ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುವ ನಾನೇ, "ಜೋರಿರೋದನ್ನ ಕೊಡವಾ, ತಡಿಲಿಕ್ಕೆ ಆಗವಲ್ದು" ಎಂದೆ.

ಅವಳು ಕತ್ತರಿ ಹಿಡಿದವಳು ನಿಲ್ಲಿಸಿ ಕೇಳಿದಳು: "ಮೇಡಂ, ಬ್ಯಾರೆ ಏನರ ಗುಳಿಗಿ ತಗೊಳ್ತೀರೇನ್ರಿ?"

ಈ ಪ್ರಶ್ನೆ ಕೇಳದೆ ಯಾರಿಗೂ ಮದ್ದು ಕೊಡಬೇಡಿ ಎಂದು ಅವಳಿಗೆ ಕಲಿಸಿದವಳು ನಾನು. ನನ್ನ ಪಕ್ಕದಲ್ಲಿ ಇಬ್ಬರು ನಿಂತಿದ್ದರು. ಅವರು ಇಲ್ಲದಿದ್ದರೂ ನಾನು ಅದೇ ಉತ್ತರ ಕೊಡುತ್ತಿದ್ದೆನೇನೋ.

"ಇಲ್ಲವಾ," ಎಂದೆ.

ಮರುದಿನ ಹುಣ್ಣಿಮೆ. ನಮ್ಮ ಓಣಿಯ ಹೆಂಗಸರು ಟೆಂಪೊ ಮಾಡಿಕೊಂಡು ಉಚ್ಚಂಗಿದುರ್ಗದ ಬೆಟ್ಟಕ್ಕೆ, ಉಚ್ಚಂಗೆಮ್ಮನ ದರ್ಶನಕ್ಕೆ ಹೊರಟಿದ್ದರು. ಬರಬೇಕಿದ್ದ ಒಬ್ಬರು ಬರಲಿಲ್ಲವೆಂದು ಪಕ್ಕದ ಮನೆಯ ಅಕ್ಕ ನನ್ನ ಬಾಗಿಲು ಬಡಿದು, "ಟೀಚರ್ರೆ, ಒಂದು ಸೀಟು ಖಾಲಿ ಐತಿ, ಬರ್ತೀರೇನ್ರಿ?" ಎಂದಳು. ಆರು ವರ್ಷದಲ್ಲಿ ಅವರು ನನ್ನನ್ನು ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಖಾಲಿ ಸೀಟಿಗೆ ಕರೆದರೆಂಬ ಬಿಗುಮಾನ ಒಂದು ಗಳಿಗೆಯೂ ಬರಲಿಲ್ಲ. ಹಲ್ಲು ಕೈಕೊಡಬಾರದೆಂದು ರಾತ್ರಿ ನುಂಗಿದ ನೋವಿನ ಮಾತ್ರೆಯ ಮೇಲೆ ಬೆಳಿಗ್ಗೆ ಮತ್ತೆರಡು ಒಟ್ಟಿಗೇ ನುಂಗಿ, ಒಳ್ಳೆಯ ಸೀರೆ ಉಟ್ಟು ಹೊರಟೆ.

ಬೆಟ್ಟದ ಮೆಟ್ಟಿಲು ಅರ್ಧ ಹತ್ತಿರಲಿಕ್ಕಿಲ್ಲ, ಮೈ ಬೆವರಲು ಶುರುವಾಯಿತು. ಬಿಸಿಲೆಂದುಕೊಂಡೆ. ಹೊಟ್ಟೆ ತಿರುವಿತು, ಎದೆಬಡಿತ ಓಡತೊಡಗಿತು. ಕೂತರೆ ಕಾಲುಗಳು ತಾವಾಗಿ ಕುಣಿದವು, ದವಡೆ ಕಟಕಟ ಎಂದಿತು. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬಳು ನನ್ನ ಮುಖಕ್ಕೆ ಮುಖ ಕೊಟ್ಟು ನೋಡಿದಳು.

"ಕಣ್ಣು ನೋಡ್ರೇ, ಎಷ್ಟು ಅಗಲಾಗ್ಯಾವ! ಅವ್ವ ಬಂದಾಳ್ರೇ, ಟೀಚರಮ್ಮನ ಮೈಮ್ಯಾಲೆ ಅವ್ವ ಬಂದಾಳ!"

ಆ ಜಾಗ, ಆ ದಿನ, ಆ ನಡುಕ. ಅವರು ಬೇರೆ ಏನು ತಿಳಿದಾರು? ಯಾರೋ ಹಣೆಗೆ ಭಂಡಾರದ ಅರಿಸಿನ ಹಚ್ಚಿದರು. ಇಬ್ಬರು ಹೆಗಲು ಹಿಡಿದರು, ಒಬ್ಬಳು ತಲೆ ಸವರಿದಳು, ಅಜ್ಜಿ ಪಾದ ಹಿಡಿದು ಕೂತಳು. ಪಕ್ಕದ ಮನೆಯ ಅಕ್ಕ ನನ್ನ ಎರಡೂ ಅಂಗೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಅಳುತ್ತ ಕೇಳಿದಳು: "ಅವ್ವಾ, ನನ್ನ ಮಗಳು ಯಾಕ ಗ್ವಾಡಿ ಕಡೆ ಮುಖ ಮಾಡಿ ಮಲಗ್ಯಾಳ? ಎರಡು ತಿಂಗಳಾತು, ಮಾತಿಲ್ಲ ಕತಿಯಿಲ್ಲ. ಏನು ತಪ್ಪು ಮಾಡೀವಿ, ಹೇಳು ತಾಯಿ."

ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಬೆವರು, ನಡುಕ, ಅಗಲವಾದ ಕಣ್ಣಪಾಪೆ, ತಿರುವುವ ಹೊಟ್ಟೆ, ಕುಣಿಯುವ ಕಾಲು: ಇದೇ ಸಾಲನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ಆ ನೋವಿನ ಮಾತ್ರೆ ಟ್ರಮಡಾಲ್ ಇರಲೇಬೇಕು. ಅದೂ ಸೆರೊಟೋನಿನ್ ವಾಪಸ್ ಹೋಗದಂತೆ ತಡೆಯುತ್ತದೆ. ಎರಡೂ ಸೇರಿ ಮೈತುಂಬ ಸೆರೊಟೋನಿನ್ ಉಕ್ಕಿದರೆ ಜ್ವರ ಏರುತ್ತದೆ, ಫಿಟ್ಸ್ ಬರುತ್ತದೆ, ತಡಮಾಡಿದರೆ ಜೀವವೂ ಹೋಗಬಹುದು. ಕೂಡಲೇ ಕೆಳಗಿಳಿಯಬೇಕಿತ್ತು.

ಆದರೂ ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ಹೇಳಲಾರೆ, ಸುಮ್ಮನಿದ್ದದ್ದು ಮಾತ್ರ ನಿಜ. ಅಮ್ಮ ಹೋದ ಮೇಲೆ ಯಾರೂ ನನ್ನ ತಲೆ ಸವರಿರಲಿಲ್ಲ. ಕಂಡಕ್ಟರ್ ಚಿಲ್ಲರೆ ಕೊಡುವಾಗ ಬೆರಳು ತಾಗಿದರೆ ತಾಗಿತು, ಅಷ್ಟೇ. ಈಗ ಇಷ್ಟು ಕೈಗಳು ನನ್ನ ಮೈಮೇಲಿದ್ದವು. ನಿಜ ಹೇಳಿದರೆ ಅವು ಹೋಗುತ್ತವೆ ಎಂದು ನನಗೆ ಅಳು ಬಂತು. ದೇವಿ ಅಳುತ್ತಿದ್ದಾಳೆಂದು ಅವರು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು.

ಆಮೇಲೆ ಬಲಗಾಲು ಒಂದೇ ಸಮನೆ ಕಲ್ಲಿಗೆ ಬಡಿಯತೊಡಗಿತು. ಸಾಯಲು ನನಗೆ ಇಷ್ಟವಿಲ್ಲ ಎಂಬುದು ಆಗ ಸ್ಪಷ್ಟವಾಯಿತು. ನಾಲ್ಕು ವರ್ಷದ ಹಿಂದೆ ಅಷ್ಟು ಸ್ಪಷ್ಟವಿರಲಿಲ್ಲ.

"ಅಕ್ಕಾ, ದೇವರಲ್ಲ ಇದು," ಎಂದೆ. ನಾಲಿಗೆ ತೊದಲಿತು. "ನಾನು ಮನಸ್ಸಿನ ಕಾಯಿಲಿಗೆ ಗುಳಿಗಿ ತಗೊಳ್ತೀನಿ. ನಾಕು ವರ್ಷಾತು. ಅದರ ಮ್ಯಾಲೆ ಹಲ್ಲು ನೋವಿಂದು ನುಂಗೀನಿ. ಎರಡೂ ಕೂಡಬಾರದಿತ್ತು. ದವಾಖಾನಿಗೆ ಕರ್ಕೊಂಡು ಹೋಗ್ರಿ."

ತಲೆಯ ಮೇಲಿನ ಕೈ ಮೊದಲು ಹೋಯಿತು. ಆಮೇಲೆ ಪಾದದ್ದು. ಅಜ್ಜಿ ತನ್ನ ಅಂಗೈಯನ್ನು ಸೆರಗಿಗೆ ಒರೆಸಿಕೊಂಡದ್ದನ್ನು ನಾನು ನೋಡಿದೆ. ಅವರೇನೂ ಕೆಟ್ಟವರಲ್ಲ, ಕೂಡಲೇ ಡ್ರೈವರನನ್ನು ಕೂಗಿದರು, ಜೋಪಾನವಾಗಿ ಇಳಿಸಿದರು. ಆದರೆ ಬೆಟ್ಟ ಇಳಿಯುವಾಗ ಹಿಡಿದದ್ದು ತೋಳಿನ ರವಿಕೆಯ ಮೇಲೆ, ಬರಿಯ ಮೈಗೆ ತಾಗದ ಹಾಗೆ.

ಹರಪನಹಳ್ಳಿಯ ದವಾಖಾನೆಯಲ್ಲಿ ಡಾಕ್ಟರು ನನ್ನ ಪಾದವನ್ನು ಮೇಲಕ್ಕೆ ಒತ್ತಿ ಹಿಡಿದು, ಅದು ತಾಳ ಹಾಕುವುದನ್ನು ನೋಡಿ, ಯಾವ ಮಾತ್ರೆ ಎಂದು ಕೇಳಿದರು. ನನ್ನ ವಿದ್ಯಾರ್ಥಿನಿಗೆ ಫೋನು ಹಚ್ಚಿಸಿದೆ. "ನೀನು ಸರಿಯಾಗೇ ಕೇಳಿದ್ದಿ. ನಾ ಸುಳ್ಳು ಹೇಳಿದೆ," ಎಂದೆ. ಅವಳು ಟ್ರಮಡಾಲ್ ಹೆಸರನ್ನೂ ಪ್ರಮಾಣವನ್ನೂ ತರಗತಿಯಲ್ಲಿ ಒಪ್ಪಿಸುವಂತೆ ಹೇಳಿದಳು. ಎರಡೂ ಮಾತ್ರೆ ನಿಲ್ಲಿಸಿ, ನಡುಕಕ್ಕೆ ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿದರು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಕಾಲು ನನ್ನ ಮಾತು ಕೇಳತೊಡಗಿತು.

ಹೆಂಗಸರೆಲ್ಲ ಟೆಂಪೊದಲ್ಲಿ ಹೋಗಿದ್ದರು. ಕಣ್ಣು ಬಿಟ್ಟಾಗ ಪಕ್ಕದ ಮನೆಯ ಅಕ್ಕ ಮಾತ್ರ ಸ್ಟೂಲಿನ ಮೇಲೆ ಕೂತಿದ್ದಳು, ಮಂಚದಿಂದ ಒಂದು ಮಾರು ದೂರ. ನರ್ಸ್ ಆಚೆ ಹೋಗುವವರೆಗೂ ಕಾದಳು.

"ಟೀಚರ್ರೆ, ನನ್ನ ಮಗಳಿಗೂ ಅದಽ ಇರಬೇಕೇನ್ರಿ?"

"ನೋಡದ ಹೆಂಗ ಹೇಳ್ಲಿ ಅಕ್ಕಾ? ಹೊಸಪೇಟಿಗೆ ಡಾಕ್ಟರ ಹತ್ರ ಕರ್ಕೊಂಡು ಹೋಗೋಣು."

"ಬರಂಗಿಲ್ರಿ ಅಕಿ. ನಾನೇನು ಹುಚ್ಚಿ ಅಲ್ಲ ಅಂತಾಳ. ಏನಂತ ಹೇಳಿ ಕರೀಲಿ?"

ಬಾಗಿಲಲ್ಲಿ ಯಾರೋ ನಿಂತಿದ್ದರು, ಪಕ್ಕದ ಮಂಚದವರ ಕಡೆಯವರು. ದನಿ ತಗ್ಗಿಸುವುದು ನನ್ನ ಹಳೆಯ ಚಟ. ಈ ಸಲ ತಗ್ಗಿಸಲಿಲ್ಲ.

"ಪಕ್ಕದ ಮನಿ ಟೀಚರ್ರೂ ತಗೊಳ್ತಾರ ಅಂತ ಹೇಳ್ರಿ," ಎಂದೆ.

ಅಕ್ಕ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು.