ನೆರಳಿರುವಾಗಲೇ ತೊಳೆಯಬೇಕು

ನನ್ನ ಗಂಡನ ಅಕ್ಕನನ್ನು ಬೀದಿಯವರೆಲ್ಲ ಕಾರಕ್ಕ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ದಿನವಿಡೀ ಫೋನಿಗೆ ಕಿವಿಗೊಟ್ಟು ಕೂರುವುದೇ ಕೆಲಸವಾಗಿದ್ದವರಿಗೆ ಬೆನ್ನ ಹಿಂದಿನ ಮಾತು ಕೇಳದೆ ಇರುತ್ತದೆಯೇ? "ಕಾರಕ್ಕ ಅನ್ಲಿ, ಖಾರಕ್ಕ ಅನ್ಲಿ, ಎರಡೂ ನಂಗೆ ಒಪ್ಪುತ್ತೆ" ಎಂದು ನಗುತ್ತಿದ್ದರು.

ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರಿಂದ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ. ತಂದೆ ಬೇಗ ಹೋದದ್ದರಿಂದ ತಮ್ಮನನ್ನು ಓದಿಸಿ ಲೆಕ್ಕದ ಮೇಷ್ಟ್ರನ್ನಾಗಿ ಮಾಡಿದ್ದು ಅಕ್ಕನೇ. ತಾವು ಮದುವೆಯಾಗಲಿಲ್ಲ. ನಲವತ್ತು ತುಂಬಿದ ವರ್ಷ, ಊರು ಬಿಟ್ಟು ಹೊರಟಿದ್ದ ಹಲ್ಲಿನ ಡಾಕ್ಟರೊಬ್ಬರಿಂದ ಹಳೆಯ ಕಾರೊಂದನ್ನು ಕೊಂಡರು. ನವಿಲುಗತ್ತಿನ ಬಣ್ಣದ ಪುಟ್ಟ ಕಾರು. ನಮ್ಮ ಬೀದಿಯಲ್ಲಿ ಹೆಂಗಸೊಬ್ಬರು ಓಡಿಸಿದ ಮೊದಲನೆಯದು. ಮರುವರ್ಷ ನಾನು ಆ ಮನೆಗೆ ಸೊಸೆಯಾಗಿ ಬಂದೆ. ನನಗಾಗ ಇಪ್ಪತ್ತೆರಡು.

ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಅಕ್ಕ ಅಂಗಳದಲ್ಲಿರುತ್ತಿದ್ದರು. ಪಕ್ಕದ ಮನೆಯ ಗೋಡೆಯ ನೆರಳು ಎಂಟರವರೆಗೆ ಕಾರಿನ ಮೇಲಿರುತ್ತಿತ್ತು. ಅಷ್ಟರೊಳಗೆ ತೊಳೆದು ಒರೆಸಿ ಮುಗಿಯಬೇಕು. ಬಿಸಿಲಿಗೆ ಬಿದ್ದರೆ ನೀರು ಅಲ್ಲಲ್ಲೇ ಆರಿ ಕಲೆ ಕೂರುತ್ತದೆ ಎನ್ನುತ್ತಿದ್ದರು. ಎರಡು ಬಕೆಟ್, ಒಂದರಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸದೆ ಮತ್ತೆ ಸೋಪಿಗೆ ಅದ್ದುವ ಹಾಗಿಲ್ಲ. ಒಂದು ಮರಳಿನ ಕಣ ಸಾಕು, ಬಣ್ಣಕ್ಕೆ ಗೀರು ಬೀಳಲು. ಚಾವಣಿಯಿಂದ ಶುರು, ಚಕ್ರ ಕೊನೆಗೆ. ಒರೆಸಲು ನನ್ನ ಗಂಡನ ಹಳೆಯ ಬನಿಯನ್ನುಗಳು. ಕೆಲವು ಅಷ್ಟೇನೂ ಹಳೆಯವಲ್ಲ. "ಅಕ್ಕ, ಅದು ಹೋದ ತಿಂಗಳು ತಂದಿದ್ದು" ಎಂದು ಇವರು ಕಿಟಕಿಯಿಂದ ಗೊಣಗುತ್ತಿದ್ದರು. "ನಿನ್ನ ಮೈಗಿಂತ ಇದ್ರ ಮೈ ನಯ ಕಣೋ. ಒಳ್ಳೇದು ಇದಕ್ಕಿರ್ಲಿ" ಎನ್ನುತ್ತಿದ್ದರು ಅಕ್ಕ.

ನಾನು ಬಂದು ಎರಡು ತಿಂಗಳಾಗಿತ್ತೇನೋ. ಅಕ್ಕನಿಗೆ ಎರಡು ಭಾನುವಾರ ಸಾಲಾಗಿ ಡ್ಯೂಟಿ ಬಿದ್ದು ಕಾರಿನ ಮೇಲೆ ಧೂಳು ಕೂತಿತ್ತು. ಹೊಸ ಸೊಸೆಯ ಹುಮ್ಮಸ್ಸು ನನಗೆ. ಇವತ್ತು ಅಕ್ಕ ಬರುವಷ್ಟರಲ್ಲಿ ಥಳಥಳ ಅನ್ನಿಸಿಬಿಡುತ್ತೇನೆ ಎಂದು ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಸೆರಗು ಸಿಕ್ಕಿಸಿ ಇಳಿದೆ. ಬಟ್ಟೆ ಒಗೆಯುವ ಪುಡಿ ಕದಡಿಕೊಂಡೆ. ಮುಂದಿನ ಬಾನೆಟ್ಟಿನ ಮೇಲೆ ಹಕ್ಕಿ ಹಿಕ್ಕೆ ಗಟ್ಟಿಯಾಗಿ ಅಂಟಿತ್ತು. ಅಡುಗೆಮನೆಗೆ ಹೋಗಿ ಪಾತ್ರೆ ತಿಕ್ಕುವ ನಾರು ತಂದೆ. ತಳ ಹತ್ತಿದ ಪಾತ್ರೆ ತಿಕ್ಕುವ ಹಾಗೆ ಶಕ್ತಿಯೆಲ್ಲ ಹಾಕಿ ತಿಕ್ಕಿದೆ.

ನೀರು ಆರಿದ ಮೇಲೆ ನೋಡಿದರೆ ಬಾನೆಟ್ಟಿನ ತುಂಬ ಗೀರುಗಳ ಸುತ್ತು. ನವಿಲುಗತ್ತಿನ ಬಣ್ಣ ಬೂದಿ ಬಳಿದ ಹಾಗೆ ಮಂಕಾಗಿತ್ತು. ಮಾಡಲು ಹೋದದ್ದು ಒಂದು, ಆದದ್ದು ಇನ್ನೊಂದು. ಶಾಲೆಯಿಂದ ಬಂದ ಇವರು ನೋಡಿ, "ಸಂಜೆ ನಾನು ಲೈಬ್ರರಿಗೆ ಹೋಗ್ತೀನಿ" ಎಂದರು. ಅಕ್ಕ ಬರುವ ಹೊತ್ತಿಗೆ ಮನೆಯಲ್ಲಿರಲು ಅವರಿಗೇ ಧೈರ್ಯ ಇರಲಿಲ್ಲ.

ಅಕ್ಕ ಎಕ್ಸ್‌ಚೇಂಜಿನಿಂದ ನಡೆದು ಬಂದರು. ಚಪ್ಪಲಿ ಬಿಡದೆ ಕಾರಿನ ಮುಂದೆ ನಿಂತರು. ಬಗ್ಗಿ, ತಲೆ ಓರೆ ಮಾಡಿ ಆ ಕಡೆಯಿಂದ ಈ ಕಡೆಯಿಂದ ನೋಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಯಾವುದರಲ್ಲಿ ತಿಕ್ಕಿದೆ?"

"ನಾರಲ್ಲಿ."

"ತೆಂಗಿನ ನಾರಾ, ಸ್ಟೀಲಿಂದಾ?"

"ಸ್ಟೀಲಿಂದು, ಅಕ್ಕ."

"ಒಳ್ಳೆ ತೋಳಿದೆ ನಿಂಗೆ. ಭಾನುವಾರ ಆರಕ್ಕೆ ಏಳು. ನೀನೇ ಕೆಡಿಸಿದ್ದು, ನೀನೇ ಸರಿಮಾಡು. ಹೇಗೆ ಅಂತ ನಾನು ಹೇಳ್ತೀನಿ" ಎಂದು ಒಳಗೆ ಹೋದರು.

ಸರಿಹೋಗಲು ಮೂರು ಭಾನುವಾರ ಬೇಕಾಯಿತು. ಬನಿಯನ್ ಚೂರಿಗೆ ಬಟಾಣಿ ಕಾಳಿನಷ್ಟು ಪಾಲಿಶ್ ಹಚ್ಚಿಕೊಂಡು, ಅಂಗೈ ಅಗಲದ ಜಾಗ ಹಿಡಿದು, ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜಬೇಕು. ಅಲ್ಲಿ ಗೀರು ಮಾಯವಾಗದೆ ಪಕ್ಕದ ಜಾಗಕ್ಕೆ ಹೋಗುವಂತಿಲ್ಲ. "ಪಾಲಿಶ್ ಅಂದ್ರೆ ತೆಗೆಯೋದು. ಬಣ್ಣಾನೇ ಒಂಚೂರು ಹೋಗುತ್ತೆ. ಅದಕ್ಕೇ ಜಾಸ್ತಿ ಉಜ್ಜೋಕೆ ಆಸೆ ಪಡಬಾರದು. ಮೇಣ ಅಂದ್ರೆ ಹೊದಿಸೋದು" ಎಂದು ಹೇಳಿಕೊಟ್ಟರು. ಮೇಣ ಎಷ್ಟು ತೆಳ್ಳಗೆ ಹಚ್ಚಬೇಕೆಂದರೆ ಹಚ್ಚಿದ್ದೇ ಕಾಣಬಾರದು. ಆರಿ ಮಬ್ಬಾದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿದರೆ ಒಳಗಿನಿಂದ ಬೆಳಕು ಬಂದ ಹಾಗೆ ಬಣ್ಣ ಏಳುತ್ತದೆ. ಮೂರನೆಯ ಭಾನುವಾರ ಬಾನೆಟ್ಟಿನಲ್ಲಿ ನನ್ನ ಮುಖ ಕಂಡಿತು. ನಾನು ಅತ್ತುಬಿಟ್ಟೆ. ಅಕ್ಕ ನೋಡದವರ ಹಾಗೆ ಚಕ್ರ ಒರೆಸಲು ಕೂತರು.

ಅಲ್ಲಿಂದ ಭಾನುವಾರಗಳು ನಮ್ಮಿಬ್ಬರವು. ಒಂದು ಬದಿಗೆ ಅವರು, ಇನ್ನೊಂದು ಬದಿಗೆ ನಾನು, ನಡುವೆ ಕಾರು. ಮುಖ ನೋಡಿಕೊಂಡು ಆಡಲಾಗದ ಮಾತುಗಳು ಕೈ ಕೆಲಸದಲ್ಲಿದ್ದಾಗ ಸಲೀಸಾಗಿ ಬರುತ್ತವೆ. ಇವರ ಮೇಲಿನ ನನ್ನ ದೂರುಗಳನ್ನು ಇವರ ಅಕ್ಕನಿಗೇ ಹೇಳುತ್ತಿದ್ದೆ ಎಂದರೆ ಯಾರು ನಂಬುತ್ತಾರೆ? ನಾದಿನಿ ಅಂದರೆ ಮುಳ್ಳು ಎಂದು ತವರಿನಲ್ಲಿ ಹೆದರಿಸಿ ಕಳಿಸಿದ್ದರು.

ಒಂದು ಸಲ, ಮಗಳು ಹುಟ್ಟಿದ ಮೇಲೆ, ನಾನು ಕೇಳಿಯೇಬಿಟ್ಟೆ. "ನೀವ್ಯಾಕೆ ಮದುವೆ ಆಗ್ಲಿಲ್ಲ, ಅಕ್ಕ?"

ಆ ಬದಿಯಲ್ಲಿ ಬಟ್ಟೆ ಉಜ್ಜುವ ಸದ್ದು ನಿಲ್ಲಲಿಲ್ಲ. "ಒಬ್ರಿದ್ರು. ಆ ಕಡೆ ಊರಿನ ಎಕ್ಸ್‌ಚೇಂಜಲ್ಲಿ ಆಪರೇಟರ್. ಕಾಲ್ ಕೊಡೋಕೆ ಮುಂಚೆ ದಿನಾ ಕೇಳೋರು, ಊಟ ಆಯ್ತಾ ಅಂತ. ನಾನು ಆಯ್ತು ಅನ್ನೋದು, ಅವರು ನಗೋದು. ಆರು ವರ್ಷ ಅಷ್ಟೇ ಮಾತು."

"ಆಮೇಲೆ?"

"ಒಂದು ಸೋಮವಾರ ಬೇರೆ ದನಿ ಬಂತು. ಅವರೆಲ್ಲಿ ಅಂತ ಕೇಳ್ಬೇಕಿತ್ತು. ಯಾರದೋ ಅರ್ಜೆಂಟ್ ಕಾಲ್ ಕಾಯ್ತಿತ್ತು, ಕೊಟ್ಟೆ. ಮಾರನೇ ದಿನ ಕೇಳೋಣ ಅಂದ್ರೆ ನಾಚಿಕೆ. ಹೆಸರೇ ಗೊತ್ತಿರ್ಲಿಲ್ಲ ಕಣೇ. ಏನಂತ ಕೇಳ್ಲಿ?"

ನಾನು ಬಾಗಿಲು ಒರೆಸುತ್ತಿದ್ದೆ, ಅವರು ನನ್ನ ಬದಿಗೆ ಬಂದರು.

"ಬಾಗಿಲ ಹಿಡಿ ಕೆಳಗೆ ಮೇಣ ಉಳಿಸಿದ್ದೀಯ ನೋಡು" ಎಂದರು ಅಕ್ಕ. ಆ ವಿಷಯ ಮತ್ತೆ ಬರಲಿಲ್ಲ.

ಅವರಿಗೆ ಐವತ್ತಾರು ಆದಾಗ ಒಂದು ಸಂಜೆ ಕಾರನ್ನು ಒಳಗೆ ತರುವಾಗ ಗೇಟಿನ ಕಂಬಕ್ಕೆ ತಾಗಿಸಿಬಿಟ್ಟರು. ಹದಿನಾರು ವರ್ಷದಲ್ಲಿ ಒಂದು ಗೀರೂ ಮಾಡದವರು. ಇಳಿದು ಬಂದು ಜಜ್ಜಿದ ಜಾಗದ ಮೇಲೆ ಬೆರಳಾಡಿಸಿದರು. "ಕಂಬ ಕಾಣ್ಲೇ ಇಲ್ಲ" ಎಂದರು ಮೆಲ್ಲಗೆ. ಆಮೇಲೆ ತಿಳಿಯಿತು, ವರ್ಷದಿಂದ ಅಂಚುಗಳು ಕಾಣುತ್ತಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನರ ಸೋತಿದೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಹನಿ ಹಾಕಿಕೊಂಡು ಕಾಪಾಡಿಕೊಳ್ಳಬೇಕು ಎಂದರು ಕಣ್ಣಿನ ಡಾಕ್ಟರು.

ಮನೆಗೆ ಬಂದವರೇ ಅಕ್ಕ ಕೀ ತಂದು ನನ್ನ ಕೈಗೆ ಹಾಕಿದರು. "ಇನ್ನು ನೀನು ಓಡಿಸು."

"ನಂಗೆ ಸೈಕಲ್ಲೇ ಬರಲ್ಲ."

"ಸ್ಟೀಲ್ ನಾರು ಹಿಡಿದವಳಿಗೆ ಸ್ಟೇರಿಂಗ್ ಹಿಡಿಯೋಕೆ ಬರಲ್ವಾ?"

ಮೂವತ್ತೇಳನೆಯ ವಯಸ್ಸಿನಲ್ಲಿ ಕಲಿತೆ. ಡ್ರೈವಿಂಗ್ ಶಾಲೆಯವನು ಕಲಿಸಿದ್ದು ಕಾಲು ಭಾಗ, ಮಿಕ್ಕಿದ್ದು ಅಕ್ಕ. ಪಕ್ಕದ ಸೀಟಿನಲ್ಲಿ ಕೂತು, ರಸ್ತೆ ಸರಿಯಾಗಿ ಕಾಣದಿದ್ದರೂ ಇಂಜಿನ್ ಕೇಳುತ್ತಿದ್ದರು. "ಅಳ್ತಾ ಇದೆ, ಗೇರ್ ಹಾಕು." "ಈಗ ಗೊರಕೆ ಹೊಡೀತಿದೆ, ಇಳಿಸು." ಹಿಂದಿನ ಸೀಟಿನಲ್ಲಿ ನನ್ನ ಗಂಡ ಜೀವ ಕೈಯಲ್ಲಿ ಹಿಡಿದು ಕೂತಿರುತ್ತಿದ್ದರು.

ಓಡಿಸುವುದು ಬಿಟ್ಟರೂ ತೊಳೆಯುವುದನ್ನು ಅಕ್ಕ ಬಿಡಲಿಲ್ಲ. ದೃಷ್ಟಿ ಕುಗ್ಗುತ್ತ ಹೋಗಿ ಕೊನೆಗೆ ಬೆಳಕು ಕತ್ತಲೆ ಮಾತ್ರ ತಿಳಿಯುವಂತಾಯಿತು. ಆಗ ಒಂದು ಉಪಾಯ ಕಂಡುಕೊಂಡರು. ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ, ತೊಳೆದ ಕಾರಿನ ಮೇಲೆ ಸವರುವುದು. ಬರಿಗೈಗೆ ನುಣುಪು ಅನ್ನಿಸುವ ಜಾಗ ಚೀಲದೊಳಗಿನ ಬೆರಳಿಗೆ ರವೆಯ ಹಾಗೆ ತರಿತರಿ ಸಿಗುತ್ತದೆ. ನಾನು ಎಷ್ಟು ಚೆನ್ನಾಗಿ ತೊಳೆದೆ ಎಂದುಕೊಂಡಿರಲಿ, ಅಕ್ಕನ ಬೆರಳು ಒಂದೆಡೆ ನಿಂತುಬಿಡುತ್ತಿತ್ತು. "ಇಲ್ಲಿ. ಎರಡು ಕಣ್ಣಿದ್ದು ಏನು ಬಂತು ನಿಂಗೆ?" ನಾನು ಮತ್ತೆ ಬಕೆಟ್ ಎತ್ತುತ್ತಿದ್ದೆ.

ಕಾರಿಗೂ ವಯಸ್ಸಾಯಿತು. ತಳ ತುಕ್ಕು ಹಿಡಿಯಿತು, ಬಿಡಿಭಾಗಗಳು ಸಿಗದಾದವು. ಹಳೆಯ ಕಾರುಗಳ ಮೇಲೆ ಆಸೆ ಇರುವವರಿಗೆ ಕೊಟ್ಟರೆ ಉಳಿಯುತ್ತದೆ, ಇಲ್ಲೇ ಇದ್ದರೆ ಗುಜರಿ ಎಂದ ಮೆಕ್ಯಾನಿಕ್. ಅಕ್ಕ ಒಂದು ವಾರದ ಮೇಲೆ ಒಪ್ಪಿದರು. ಮೊದಲು ಬಂದವರು ಇಂಜಿನ್ ಮಾತ್ರ ನೋಡಿ, "ಕೆಂಪು ಬಣ್ಣ ಹೊಡೆಸ್ತೀನಿ" ಎಂದರು. ಅಕ್ಕ ಅವರಿಗೆ ಕಾಫಿ ಕೊಡಿಸಿ ಕಳಿಸಿಬಿಟ್ಟರು.

ಎರಡನೆಯವರು ಗಡಿಯಾರ ರಿಪೇರಿ ಮಾಡುವವರು. ಮಾತು ಕಡಿಮೆ. ಬಾನೆಟ್ ತೆರೆಯುವ ಮೊದಲು ಚಾವಣಿಯ ಮೇಲೆ ಅಂಗೈ ಇಟ್ಟು ಉದ್ದಕ್ಕೂ ಸವರಿದರು. ಆ ಸವರಿದ ಸದ್ದಿಗೆ ಅಕ್ಕ ತಲೆಯೆತ್ತಿದರು.

"ಇದನ್ನ ಇಷ್ಟು ವರ್ಷ ಯಾರು ನೋಡ್ಕೊಂಡಿದ್ದು?" ಎಂದು ಅವರು ಕೇಳಿದರು.

"ನಾವಿಬ್ರೂ" ಎಂದರು ಅಕ್ಕ.

ಕಾರನ್ನು ಅವರೇ ಕೊಂಡರು. ಹೊರಡುವ ಬೆಳಿಗ್ಗೆ ನಾವು ಕೊನೆಯ ಸಲ ತೊಳೆದು, ಮೇಣ ಹಚ್ಚಿ, ಒರೆಸಿ ಕಳಿಸಿದೆವು. ಬೀದಿಯ ತಿರುವು ದಾಟಿ ಇಂಜಿನ್ ಸದ್ದು ಅಡಗುವವರೆಗೂ ಅಕ್ಕ ಗೇಟಿನಲ್ಲಿ ನಿಂತಿದ್ದರು.

ಆಮೇಲೆ ಅವರು ಮಂಕಾಗುತ್ತಾರೇನೋ ಎಂದು ನನಗೆ ಭಯವಿತ್ತು. ಹಾಗಾಗಲಿಲ್ಲ. ಅಂಧ ಹೆಣ್ಣುಮಕ್ಕಳಿಗೆ ಕಚೇರಿಗಳಲ್ಲಿ ಫೋನ್ ಬೋರ್ಡ್ ನೋಡಿಕೊಳ್ಳುವ ಕೆಲಸ ಕಲಿಸುವ ಶಾಲೆಯೊಂದಿತ್ತು. ಹಳೆಯ ಸಹೋದ್ಯೋಗಿಯೊಬ್ಬರು ಹೇಳಿಕಳಿಸಿದರು. ವಾರಕ್ಕೆ ಎರಡು ದಿನ ಹೋಗಲು ಶುರುಮಾಡಿದವರು ಎಂಟು ವರ್ಷ ಬಿಡದೆ ಹೋದರು. ಗಂಟಲು ಕಟ್ಟಿಕೊಂಡು, ಮುಖ ಅರಳಿಸಿಕೊಂಡು ಮನೆಗೆ ಬರುತ್ತಿದ್ದರು. ಎಪ್ಪತ್ತರಲ್ಲಿ, ನಾಲ್ಕು ದಿನದ ಜ್ವರಕ್ಕೆ ಹೋದರು. ಅವರಿಂದ ಕಲಿತ ಹುಡುಗಿಯರು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಸಾಲಾಗಿ ನಮ್ಮ ಗೇಟಿನೊಳಗೆ ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಈಗ ಅಂಗಳದಲ್ಲಿ ಮಗಳ ಬಿಳಿ ಕಾರು ನಿಲ್ಲುತ್ತದೆ. ಅದನ್ನು ಎಲ್ಲಿಗೋ ಒಯ್ದು ಹತ್ತು ನಿಮಿಷದಲ್ಲಿ ಯಂತ್ರದಿಂದ ತೊಳೆಸಿಕೊಂಡು ಬರುತ್ತಾಳೆ. ಹೋದ ಭಾನುವಾರ ಅವಳು ಏಳುವ ಮೊದಲೇ ನಾನು ತೊಳೆದೆ. ಸೊಂಟ ಹಿಡಿದುಕೊಂಡಿತು. "ಈ ವಯಸ್ಸಲ್ಲಿ ಬೇಕಿತ್ತಾ ಅಮ್ಮ?" ಎಂದು ಬೈದಳು. ಬೇಕಿತ್ತು ಎಂದೆ.